ಒಂದೇ ಚಾಪೆಯ ಮೂವರು ಮಕ್ಕಳಿಗೆ ಯಾವ ಇತಿಹಾಸ ಕಲಿಸೋಣ?

(ಜುಮಾ ಖುತ್ಬಾದ ಸಾರಾಂಶ, ಓದುಗರ ಪ್ರಶ್ನೆಗಳಿಗೆ ಉತ್ತರವಾಗಿ ವಿಸ್ತರಿಸಿ ಬರೆದದ್ದು)



ಕಳೆದ ತಿಂಗಳ ಒಂದು ಜುಮಾದಲ್ಲಿ ಸೂರಾ ಯೂಸುಫ್‌ನ ಕೊನೆಯ ವಚನದ ಬಗ್ಗೆ ಮಾತನಾಡಿದ್ದೆ. ಹಿಂದಿನವರ ವೃತ್ತಾಂತಗಳಲ್ಲಿ ಬುದ್ಧಿಯುಳ್ಳವರಿಗೆ ಇಬ್ರತ್ ಇದೆ ಎಂದು ಆ ವಚನ ನಮಗೆ ತಿಳಿಸುತ್ತದೆ. ಇಬ್ರತ್ ಎಂದರೆ ಪಾಠ. ಆ ಪದದ ಅರಬಿ ಮೂಲದಲ್ಲಿ ದಾಟುವುದು ಎಂಬ ಅರ್ಥವೂ ಇದೆ. ಹೊಳೆಯ ಈ ದಡದಿಂದ ಆ ದಡಕ್ಕೆ ದಾಟುವಂತೆ, ಅವರಿಗೆ ಆದದ್ದರಿಂದ ನನ್ನ ಬದುಕಿಗೆ ದಾಟಬೇಕು. ದಾಟದಿದ್ದರೆ ಅದು ಬರೀ ಕಥೆ.

ನಮಾಝಿನ ನಂತರ ಒಬ್ಬ ಸಹೋದರರು ಮೆಟ್ಟಿಲ ಬಳಿ ನಿಲ್ಲಿಸಿ ಪ್ರಶ್ನೆಯೊಂದನ್ನು ಕೇಳಿದರು. ಪ್ರಶ್ನೆ ಅವರ ಮನೆಯವರದ್ದು. ಮೂವರು ಮಕ್ಕಳು, 14, 11 ಮತ್ತು 7 ವರ್ಷ. ದೊಡ್ಡವನು ಹಿಫ್ಝ್ ಮುಗಿಸಿದ್ದಾನೆ. ಎರಡನೆಯವಳು ಹಿಫ್ಝ್ ಮಾಡುತ್ತಿದ್ದಾಳೆ. ಮೂವರಿಗೂ ಮನೆಯಲ್ಲೇ ತಾಯಿ ಪಾಠ ಹೇಳುತ್ತಾರೆ. ಗಣಿತ, ವಿಜ್ಞಾನ, ಭಾಷೆ ಹೇಗೋ ನಡೆಯುತ್ತಿದೆ. ಇತಿಹಾಸಕ್ಕೆ ಬಂದಾಗ ತಾಯಿಗೆ ದಿಕ್ಕು ತೋಚುತ್ತಿಲ್ಲ. ಮೂವರಿಗೂ ಬೇರೆ ಬೇರೆ ಪುಸ್ತಕ ತರಬೇಕೇ? ಶಾಲೆಯ ಪುಸ್ತಕ ಸಾಕೇ, ಇಸ್ಲಾಮೀ ಇತಿಹಾಸದ ಪುಸ್ತಕ ಬೇಕೇ? ಎರಡನ್ನೂ ಇಟ್ಟುಕೊಂಡರೆ ದಿನಕ್ಕೆ ಎಷ್ಟು ಗಂಟೆ ಬೇಕು?

ಇದೇ ಪ್ರಶ್ನೆಯನ್ನು ಬೇರೆ ಕೆಲವು ಮನೆಯವರೂ ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮಕ್ಕಳನ್ನು ಶಾಲೆಯಿಂದ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವಿಗೆ ಶಾಲೆಯ ಹಕ್ಕು ಕೊಟ್ಟಿದೆ. ಆ ಹಕ್ಕು ಮಗುವಿನದ್ದು, ನಮ್ಮದಲ್ಲ. ಹಿಫ್ಝ್‌ಗಾಗಿಯೋ ಬೇರೆ ಕಾರಣಕ್ಕೋ ಮನೆಯಲ್ಲಿ ಕಲಿಸುವವರು ಆ ಹಕ್ಕಿಗೆ ಚ್ಯುತಿ ಬಾರದಂತೆ ಕಲಿಸಬೇಕು. ಮಕ್ಕಳು ಶಾಲೆಗೆ ಹೋಗುವ ಮನೆಗಳಲ್ಲೂ ಇಶಾ ನಂತರದ ಅರ್ಧ ಗಂಟೆಗೆ ಈ ಲೇಖನ ಉಪಯೋಗವಾದೀತು.

ನನ್ನ ಮನೆಯಲ್ಲಿ ಆದ ತಪ್ಪು

ನಾನು ಮದ್ರಸದಲ್ಲಿ ಓದಿದವನು, ನಂತರ ಬಿ.ಎ. ಮಾಡಿದವನು. ಬಿ.ಎ.ಯಲ್ಲಿ ಇತಿಹಾಸ ನನ್ನ ಐಚ್ಛಿಕ ವಿಷಯ. ಆದರೂ ತಪ್ಪು ನನ್ನ ಮನೆಯಲ್ಲೇ ಆಯಿತು.

ನನ್ನ ಮಗ ಹಿಫ್ಝ್‌ಗಾಗಿ ಎರಡು ವರ್ಷ ಮನೆಯಲ್ಲಿದ್ದ. ಆಗ ಅವನಿಗೆ 12 ವರ್ಷ. ಇತಿಹಾಸಕ್ಕೆಂದು ಟಿಪ್ಪು ಸುಲ್ತಾನರ ಬಗ್ಗೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದೆ. ಓದಲು ಹಗುರ, ಅಭಿಮಾನ ತುಂಬಿದ ಪುಸ್ತಕ. ಮಗ ಮೂರು ದಿನದಲ್ಲಿ ಮುಗಿಸಿದ. ನನಗೂ ಸಂತೋಷವಾಯಿತು.

ನಮ್ಮದು ಕರಾವಳಿಯ ಊರು. ಓಣಿಯಲ್ಲಿ ಎರಡು ಮನೆ ಆಚೆ ಕ್ರೈಸ್ತ ಕುಟುಂಬವಿದೆ. ಆ ಮನೆಯ ಹುಡುಗನೂ ನನ್ನ ಮಗನೂ ದಿನಾ ಸಂಜೆ ಕ್ರಿಕೆಟ್ ಆಡುತ್ತಿದ್ದರು. ಒಂದು ದಿನ ಮಾತಿಗೆ ಮಾತು ಬೆಳೆದು ಟಿಪ್ಪುವಿನ ಹೆಸರು ಬಂತು. ತನ್ನ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದರು ಎಂದು ಆ ಹುಡುಗ ಹೇಳಿದ. ಅದೆಲ್ಲ ನಿಮ್ಮವರು ಕಟ್ಟಿದ ಸುಳ್ಳು ಎಂದು ನನ್ನ ಮಗ ಹೇಳಿದ. ಆಟ ನಿಂತಿತು. ಒಂದು ವಾರ ಇಬ್ಬರೂ ಮಾತಾಡಲಿಲ್ಲ.

ವಿಷಯ ತಿಳಿದಾಗ ನನಗೆ ನಾಚಿಕೆಯಾಯಿತು. ಏಕೆಂದರೆ ಆ ಹುಡುಗ ಹೇಳಿದ್ದು ಸುಳ್ಳಾಗಿರಲಿಲ್ಲ. 1784ರಲ್ಲಿ, ಎರಡನೇ ಆಂಗ್ಲೋ-ಮೈಸೂರು ಯುದ್ಧದ ಕೊನೆಯಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ದಾಖಲಾದ ವಿಷಯ. ಎಷ್ಟು ಜನ ಎಂಬುದರಲ್ಲಿ ದಾಖಲೆಗಳು ಬೇರೆ ಬೇರೆ ಸಂಖ್ಯೆ ಹೇಳುತ್ತವೆ. ಸೆರೆ ನಡೆದದ್ದರಲ್ಲಿ ಸಂಶಯವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. 1799ರಲ್ಲಿ ಟಿಪ್ಪು ಮಡಿದ ಮೇಲೆಯೇ ಉಳಿದವರಿಗೆ ಬಿಡುಗಡೆಯಾಯಿತು. ಬಿ.ಎ. ಓದುವಾಗಲೇ ಇದು ನನಗೆ ಗೊತ್ತಿತ್ತು. ಮಗನಿಗೆ ಹೇಳಿರಲಿಲ್ಲ.

ಮಗನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಲ್ಲಿನ ಅಜ್ಜಿ ಚಹಾ ಕೊಟ್ಟು, “ಹುಡುಗರಲ್ವಾ ಉಸ್ತಾದರೇ, ಬಿಡಿ” ಎಂದರು. ಸ್ವಲ್ಪ ಹೊತ್ತಿನ ನಂತರ ತಾವಾಗಿಯೇ, “ನನ್ನ ಅಜ್ಜಿಗೆ ಅವರ ಅಜ್ಜಿ ಹೇಳಿದ್ದಂತೆ. ನಮ್ಮ ಮನೆಯಲ್ಲಿ ಮಕ್ಕಳಿಗೆಲ್ಲ ಹೇಳ್ತೇವೆ” ಎಂದರು. ನನ್ನ ಮಗ ತಲೆ ತಗ್ಗಿಸಿ ಕೇಳಿದ. ದಾರಿಯಲ್ಲಿ ಅವನು ಕೇಳಿದ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. “ಉಪ್ಪ, ನಿಮಗೆ ಗೊತ್ತಿದ್ದೂ ನೀವು ಯಾಕೆ ಹೇಳಲಿಲ್ಲ?”

ಇತಿಹಾಸದ ಪಠ್ಯ ಆರಿಸುವ ಪ್ರಶ್ನೆಯ ಮೂಲ ಇಲ್ಲಿದೆ. ನೆರೆಮನೆಯ ಮಗುವಿಗೆ ಗೊತ್ತಿರುವುದು ನಮ್ಮ ಮಗುವಿಗೂ ಗೊತ್ತಿರಬೇಕು. ಅದನ್ನು ಮೊದಲು ನಮ್ಮ ಬಾಯಿಂದ ಕೇಳಿರಬೇಕು. ನಾವು ಮುಚ್ಚಿಟ್ಟದ್ದನ್ನು ಮಗು ಬೀದಿಯಲ್ಲೋ ಮೊಬೈಲಿನಲ್ಲೋ ಕೇಳಿದರೆ, ನಾವು ಹೇಳಿದ ನಿಜದ ಮೇಲೂ ಅದಕ್ಕೆ ನಂಬಿಕೆ ಹೋಗುತ್ತದೆ.

ಎರಡು ಇತಿಹಾಸ ಬೇಡ, ಒಂದೇ ಸಾಲು ಸಾಕು

ನಮ್ಮ ಬಹಳಷ್ಟು ಮನೆಗಳಲ್ಲಿ ಮಕ್ಕಳು ಎರಡು ಇತಿಹಾಸ ಕಲಿಯುತ್ತಾರೆ. ಮದ್ರಸದಲ್ಲಿ ಮಕ್ಕಾ, ಮದೀನಾ, ಬಗ್ದಾದ್. ಶಾಲೆಯ ಪುಸ್ತಕದಲ್ಲಿ ಮೌರ್ಯರು, ಚಾಲುಕ್ಯರು, ವಿಜಯನಗರ. ಒಂದು ‘ನಮ್ಮದು’, ಇನ್ನೊಂದು ‘ಪರೀಕ್ಷೆಗೆ’. ಎರಡೂ ಒಂದೇ ಭೂಮಿಯ ಮೇಲೆ, ಒಂದೇ ಸೂರ್ಯನ ಕೆಳಗೆ ನಡೆದವು ಎಂದು ಮಗುವಿಗೆ ಹೊಳೆಯುವುದೇ ಇಲ್ಲ. ಬೆಳೆದ ಮೇಲೆ ಅವನಿಗೆ ತನ್ನ ದೀನ್ ಒಂದು ದೇಶದ್ದು, ತಾನು ಬದುಕುವ ಮಣ್ಣು ಬೇರೆ ದೇಶದ್ದು ಅನ್ನಿಸತೊಡಗುತ್ತದೆ.

ಗೋಡೆಯ ಮೇಲೆ ಒಂದು ಉದ್ದ ಕಾಗದ ಅಂಟಿಸಿ. ಅಂಗಡಿಯ ಬಿಲ್ಲಿನ ರೋಲ್ ಆದರೂ ಸಾಕು. ಒಂದು ಗೆರೆ ಎಳೆದು ಶತಮಾನಗಳನ್ನು ಗುರುತಿಸಿ. ಗೆರೆಯ ಮೇಲೆ ಹಿಜಾಝ್, ಬಗ್ದಾದ್, ಕಾರ್ಡೋವಾ. ಗೆರೆಯ ಕೆಳಗೆ ಬಾದಾಮಿ, ಮಳಖೇಡ, ಬೀದರ್, ಹಂಪಿ. ಆಗ ಮಕ್ಕಳೇ ನೋಡುತ್ತಾರೆ.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಆ ಶಾಸನದ ಕಾಲ ಕ್ರಿ.ಶ. 634. ಪ್ರವಾದಿ ಮುಹಮ್ಮದ್(ಸ)ರು ನಿಧನರಾದದ್ದು 632ರಲ್ಲಿ. 634ರಲ್ಲೇ ಅಬೂಬಕರ್(ರ) ತೀರಿಕೊಂಡು ಉಮರ್(ರ) ಖಲೀಫರಾದರು. ಅಂದರೆ ಮದೀನಾದಲ್ಲಿ ಉಮರ್(ರ) ಹೊಣೆ ಹೊರುವ ಹೊತ್ತಿನಲ್ಲಿ ನಮ್ಮ ಬಾಗಲಕೋಟೆಯ ನೆಲದಲ್ಲಿ ಉಳಿ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿತ್ತು.

ಇನ್ನೊಂದು. ಹದೀಸ್ ಸಂಗ್ರಹಿಸಿದ ಇಮಾಮ್ ಬುಖಾರಿ ಬದುಕಿದ್ದು 810ರಿಂದ 870ರವರೆಗೆ. ಮಳಖೇಡದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳಿದ್ದು 814ರಿಂದ 878ರವರೆಗೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಬಂದದ್ದು ಅವನ ಆಸ್ಥಾನದಿಂದ. ಆ ಕಾಲದ ಅರಬ್ ಲೇಖಕರು ರಾಷ್ಟ್ರಕೂಟ ದೊರೆಗಳನ್ನು ‘ಬಲ್ಹರಾ’ ಎಂದು ಕರೆದು, ಅರಬ್ ವ್ಯಾಪಾರಿಗಳನ್ನು ಚೆನ್ನಾಗಿ ನೋಡಿಕೊಳ್ಳುವ ದೊಡ್ಡ ರಾಜರೆಂದು ಬರೆದಿದ್ದಾರೆ. ಎರಡು ಪುಸ್ತಕಗಳಲ್ಲಿ ದೂರ ದೂರ ನಿಂತಿದ್ದವರು ಒಂದು ಗೆರೆಯ ಮೇಲೆ ಎದುರುಬದುರಾಗುತ್ತಾರೆ.

ಹಿಜರಿ ವರ್ಷವನ್ನೂ ಅದೇ ಗೆರೆಯ ಮೇಲೆ ಬರೆಸಿ. ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ 33 ಹಿಜರಿ ವರ್ಷಗಳು ಹೆಚ್ಚುಕಡಿಮೆ 32 ಕ್ರಿಸ್ತಶಕ ವರ್ಷಗಳಿಗೆ ಸಮ. 11 ವರ್ಷದ ಮಗುವಿಗೆ ಇದು ಒಳ್ಳೆಯ ಲೆಕ್ಕ.

ಒಂದೇ ಪಾಠ, ಮೂರು ಎತ್ತರ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೂವರಿಗೆ ಮೂರು ಕಾಲಘಟ್ಟ ಕಲಿಸಲು ಹೋದರೆ ತಾಯಿ ಸೋತುಹೋಗುತ್ತಾಳೆ. ಒಬ್ಬನಿಗೆ ಅಶೋಕ, ಇನ್ನೊಬ್ಬಳಿಗೆ ಅಕ್ಬರ್, ಮತ್ತೊಬ್ಬನಿಗೆ 1857. ಯಾರ ಮಾತೂ ಯಾರಿಗೂ ತಾಗುವುದಿಲ್ಲ. ಮೂವರೂ ಒಂದೇ ಕಾಲವನ್ನು ಒಂದೇ ಚಾಪೆಯ ಮೇಲೆ ಕೂತು ಕಲಿಯಲಿ. ವಯಸ್ಸಿಗೆ ತಕ್ಕಂತೆ ಆಳ ಮಾತ್ರ ಬೇರೆಯಾಗಲಿ.

ಬೀದರಿನ ಮಹಮೂದ್ ಗವಾನರ ಪಾಠವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವರು. ಬೀದರಿನಲ್ಲಿ ಅವರು ಕಟ್ಟಿಸಿದ ಮದ್ರಸ 1472ರಲ್ಲಿ ಮುಗಿಯಿತು. ಮೂರು ಅಂತಸ್ತಿನ ಕಟ್ಟಡ, ಬಣ್ಣದ ಹೆಂಚಿನ ಅಲಂಕಾರ, ದೂರದ ಊರುಗಳಿಂದ ಬಂದ ಉಸ್ತಾದರು, ದೊಡ್ಡ ಗ್ರಂಥಾಲಯ. 1481ರಲ್ಲಿ ಅವರ ವಿರೋಧಿಗಳು ಅವರ ಮೊಹರು ಇದ್ದ ಕಾಗದದ ಮೇಲೆ ರಾಜದ್ರೋಹದ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ವಿಚಾರಿಸದೆ ಅವರನ್ನು ಕೊಲ್ಲಿಸಿದ. ನಿಜ ತಿಳಿದಾಗ ಪಶ್ಚಾತ್ತಾಪಪಟ್ಟ. ಮರುವರ್ಷವೇ ತಾನೂ ಸತ್ತ. ನಂತರದ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

7 ವರ್ಷದ ಮಗುವಿಗೆ ಕಥೆ ಸಾಕು. ಶಾಲೆ ಕಟ್ಟಿಸಿದ ಒಬ್ಬ ಒಳ್ಳೆಯ ಮಂತ್ರಿ, ಒಂದು ಸುಳ್ಳು ಪತ್ರ, ವಿಚಾರಿಸದ ರಾಜ. ಕೊನೆಯಲ್ಲಿ ಒಂದೇ ಪ್ರಶ್ನೆ: ರಾಜ ಮೊದಲು ಏನು ಮಾಡಬೇಕಿತ್ತು? ಕೇಳಬೇಕಿತ್ತು ಎಂದು ಮಗು ತಾನೇ ಹೇಳುತ್ತದೆ. ಸುದ್ದಿ ಬಂದಾಗ ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಮರುಗುವಿರಿ ಎಂಬ ಸೂರಾ ಹುಜುರಾತ್‌ನ 6ನೇ ವಚನದ ಆಶಯವನ್ನು ಆಗ ಹೇಳಿ. ಮಗು ಆ ವಚನವನ್ನು ಜನ್ಮದಲ್ಲಿ ಮರೆಯುವುದಿಲ್ಲ.

11 ವರ್ಷದವಳು ನಕ್ಷೆ ಬಿಡಿಸಲಿ. ಗೀಲಾನ್ ಎಲ್ಲಿ, ಬೀದರ್ ಎಲ್ಲಿ, ನಡುವೆ ಯಾವ ಸಮುದ್ರ? ಕಾಲರೇಖೆಯಲ್ಲಿ 1347 ಎಂದು ಬಹಮನಿ ಸ್ಥಾಪನೆಯನ್ನು, 1472 ಮತ್ತು 1481ನ್ನು ಗುರುತಿಸಲಿ. ಕಟ್ಟಡದ ಚಿತ್ರ ನೋಡಿ ವರ್ಣಿಸಿ ಐದು ಸಾಲು ಬರೆಯಲಿ. ಮುಂದೆ ಸಿಡಿಲು ಸಿಡಿಮದ್ದಿನ ಆಪತ್ತಿಗೆ ಸಿಕ್ಕಿ ಅರ್ಧ ಕುಸಿದ ಆ ಕಟ್ಟಡದ ಒಂದು ಮಿನಾರ್ ಇನ್ನೂ ನಿಂತಿದೆ. ರಜೆಯಲ್ಲಿ ಸಾಧ್ಯವಾದರೆ ಕರೆದುಕೊಂಡು ಹೋಗಿ ತೋರಿಸಿ.

14 ವರ್ಷದವನಿಗೆ ಏಕೆ ಎಂಬ ಪ್ರಶ್ನೆ ಕೊಡಿ. ಬೀದರಿನ ಆಸ್ಥಾನ ಎರಡು ಗುಂಪಾಗಿತ್ತು. ಇಲ್ಲಿಯೇ ನೆಲೆಸಿದ್ದ ದಖನಿಗಳು ಒಂದು ಕಡೆ, ಇರಾನ್ ಮೊದಲಾದ ಕಡೆಗಳಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ಎರಡೂ ಗುಂಪಿನ ನಾಯಕರು ಹೆಚ್ಚಾಗಿ ಮುಸ್ಲಿಮರೇ. ಮುಸ್ಲಿಮರು ಮುಸ್ಲಿಮನ ಮೇಲೆ ಸುಳ್ಳು ಪತ್ರ ಹೊರಿಸಿದರು. ಇದನ್ನು ಮುಚ್ಚಿಡಬೇಡಿ.

ಆಮೇಲೆ ಇನ್ನೊಂದು ಪ್ರಶ್ನೆ: ನಮಗೆ ಇದು ಹೇಗೆ ಗೊತ್ತು? ಈ ಘಟನೆಯನ್ನು ವಿವರವಾಗಿ ಬರೆದ ಫಿರಿಶ್ತಾ ಇದ್ದದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ, ಬಿಜಾಪುರದಲ್ಲಿ. ಅವರೂ ಇರಾನ್ ಮೂಲದವರು. ಅವರಿಗೆ ಗವಾನರ ಮೇಲೆ ಒಲವು ಇದ್ದಿರಬಹುದೇ? ಗವಾನರ ಕಾಲದಲ್ಲೇ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕಂಡದ್ದೇನು? ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಆತ ಒಟ್ಟಿಗೆ ಬರೆದಿದ್ದಾನೆ. ಹದೀಸ್ ಓದುವಾಗ ನಾವು ಇಸ್ನಾದ್ ಕೇಳುತ್ತೇವೆ, ಯಾರಿಂದ ಯಾರಿಗೆ ಬಂತು ಎಂದು ನೋಡುತ್ತೇವೆ. ಆ ಅಭ್ಯಾಸ ಇತಿಹಾಸಕ್ಕೂ ಬರಲಿ.

ದೊಡ್ಡವನ ಮಾತನ್ನು ಚಿಕ್ಕವನು ಕೇಳುತ್ತಿರುತ್ತಾನೆ. ಪೂರ್ತಿ ಅರ್ಥವಾಗದಿದ್ದರೂ ಕಿವಿಗೆ ಬಿದ್ದಿರುತ್ತದೆ. ನಾಲ್ಕು ವರ್ಷದ ನಂತರ ಅದೇ ಪಾಠ ಮತ್ತೆ ಬಂದಾಗ ಅವನಿಗೆ 11 ವರ್ಷ. ಆಗ ಅವನು ಹೊಸಬನಲ್ಲ.

ನಾಲ್ಕು ವರ್ಷದ ಸುತ್ತು

ಮೊದಲ ವರ್ಷ ಆರಂಭದಿಂದ ಕ್ರಿ.ಶ. 600ರವರೆಗೆ. ಸಿಂಧೂ ಕಣಿವೆ, ಈಜಿಪ್ಟ್, ಬುದ್ಧ, ಮಹಾವೀರ, ಅಶೋಕ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಪ್ರವಾದಿಗಳ ಚರಿತ್ರೆಯನ್ನೂ ಈ ವರ್ಷ ಹೇಳಿ. ಅವು ಕುರ್‌ಆನಿನಿಂದ ಬಂದ ನಮ್ಮ ಈಮಾನಿನ ಭಾಗ. ಕುರ್‌ಆನ್ ಅವುಗಳಿಗೆ ಇಸವಿ ಕೊಟ್ಟಿಲ್ಲ, ನಾವೂ ಊಹೆಯಿಂದ ಇಸವಿ ಅಂಟಿಸುವುದು ಬೇಡ.

ಎರಡನೇ ವರ್ಷ 600ರಿಂದ 1300. ಸೀರತ್, ಖಲೀಫರು, ಬಗ್ದಾದ್, ಚಾಲುಕ್ಯರು, ರಾಷ್ಟ್ರಕೂಟರು, 12ನೇ ಶತಮಾನದ ಕಲ್ಯಾಣದ ಶರಣರು, 1187ರಲ್ಲಿ ಸಲಾಹುದ್ದೀನರ ಜೆರುಸಲೇಮ್. ಘಝ್ನಿಯ ಮಹಮೂದನನ್ನು ಹೇಳುವಾಗ ಅವನ ಕಾಲದಲ್ಲೇ ಇದ್ದ ಅಲ್ ಬಿರೂನಿಯನ್ನೂ ಹೇಳಿ. ಒಬ್ಬ ಸೋಮನಾಥಕ್ಕೆ ದಂಡೆತ್ತಿ ಹೋದ. ಇನ್ನೊಬ್ಬರು ಸಂಸ್ಕೃತ ಕಲಿತು ಈ ದೇಶದ ಜನರ ವಿದ್ಯೆ, ನಂಬಿಕೆಗಳನ್ನು ಅರಿತುಕೊಂಡು ಗ್ರಂಥ ಬರೆದರು.

ಮೂರನೇ ವರ್ಷ 1300ರಿಂದ 1750. ದೆಹಲಿ, ಬಹಮನಿ, ವಿಜಯನಗರ, ಆದಿಲ್ ಷಾಹಿ, ಮೊಘಲರು, ಉಸ್ಮಾನಿಯರು, ಪೋರ್ಚುಗೀಸರು. 1565ರ ರಕ್ಕಸತಂಗಡಿ ಯುದ್ಧವನ್ನು ನಿಧಾನವಾಗಿ ಕಲಿಸಿ. ಅದಕ್ಕೂ ಹಿಂದೆ ಇದೇ ಸುಲ್ತಾನರು ಒಬ್ಬರ ಮೇಲೊಬ್ಬರು ರಾಮರಾಯನ ನೆರವು ಕೇಳಿದ್ದರು. ವಿಜಯನಗರದ ಸೇನೆಯಲ್ಲಿ ಮುಸ್ಲಿಮರಿದ್ದರು. ಗೆದ್ದ ಸೇನೆ ಹಂಪಿಯನ್ನು ಹಾಳು ಮಾಡಿದ್ದೂ ನಿಜ. ಈ ಮೂರೂ ಮಾತು ಒಂದೇ ಪಾಠದಲ್ಲಿ ಬರಬೇಕು.

ನಮ್ಮ ಹೆಣ್ಣುಮಕ್ಕಳಿಗೆ ಇದೇ ವರ್ಷ ಹೇಳಬೇಕಾದ ಇನ್ನೊಂದು ವಿಷಯವಿದೆ. ಸುಮಾರು 1342ರಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಗಂಡುಮಕ್ಕಳ 23 ಶಾಲೆಗಳನ್ನೂ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾರೆ. ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಬರೆದಿದ್ದಾರೆ. ಹೆಣ್ಣುಮಕ್ಕಳಿಗೆ ಹೆಚ್ಚು ಓದು ಯಾಕೆ ಎಂದು ಈಗಲೂ ಕೇಳುವವರು ನಮ್ಮಲ್ಲಿದ್ದಾರೆ. ಆರೂವರೆ ಶತಮಾನಕ್ಕೂ ಹಿಂದೆ ನಮ್ಮದೇ ಕರಾವಳಿಯಲ್ಲಿದ್ದ ಶಾಲೆಗಳು ಅವರಿಗೆ ಉತ್ತರ.

ನಾಲ್ಕನೇ ವರ್ಷ 1750ರಿಂದ ಇಂದಿನವರೆಗೆ. ಹೈದರ್, ಟಿಪ್ಪು, 1857, ಸ್ವಾತಂತ್ರ್ಯ ಹೋರಾಟ, ವಿಭಜನೆಯ ನೋವು, 1950ರ ಸಂವಿಧಾನ, 1956ರ ಕರ್ನಾಟಕ ಏಕೀಕರಣ. ದೇಶದ ಮೊದಲ ಶಿಕ್ಷಣ ಮಂತ್ರಿ ಮೌಲಾನಾ ಆಝಾದ್, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲ್ ಈ ವರ್ಷದ ಪಾಠ. ಕೊನೆಯ ತಿಂಗಳು ನಿಮ್ಮ ಊರಿನ ಇತಿಹಾಸಕ್ಕೆ ಇರಲಿ. ನಿಮ್ಮ ಮಸೀದಿಗೆ ಜಾಗ ಕೊಟ್ಟವರು ಯಾರು? ಜಮಾಅತಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಏನಿದೆ? ಊರಿನ ಅತಿ ಹಿರಿಯರು ಏನು ನೆನಪಿಟ್ಟಿದ್ದಾರೆ? ಮಕ್ಕಳು ಹೋಗಿ ಕೇಳಿ ಬರೆದುಕೊಳ್ಳಲಿ.

ಪುಸ್ತಕವನ್ನು ಅಳೆಯುವ ನಾಲ್ಕು ಪ್ರಶ್ನೆ

ಯಾವ ಪುಸ್ತಕ ಎಂದು ಹೆಸರು ಹೇಳುವುದಕ್ಕಿಂತ ಅಳತೆಗೋಲು ಕೊಡುವುದು ಒಳ್ಳೆಯದು. ಸರ್ಕಾರಿ ಪಠ್ಯವೂ ಬದಲಾಗುತ್ತಿರುತ್ತದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪಠ್ಯ ಪರಿಷ್ಕರಣೆ ದೊಡ್ಡ ವಿವಾದವಾಯಿತು, 2023ರಲ್ಲಿ ಮತ್ತೆ ತಿದ್ದುಪಡಿಯಾಯಿತು. ಅದೇ ವರ್ಷ ಎನ್‌ಸಿಇಆರ್‌ಟಿ 12ನೇ ತರಗತಿಯ ಇತಿಹಾಸ ಪುಸ್ತಕದಿಂದ ಮೊಘಲ್ ಆಸ್ಥಾನಗಳ ಅಧ್ಯಾಯವನ್ನು ಕೈಬಿಟ್ಟಿತು. ಯಾವ ಪುಸ್ತಕ ಬಂದರೂ ತಾಯಿ-ತಂದೆಯರ ಕೈಯಲ್ಲಿ ಅಳತೆಗೋಲು ಇರಬೇಕು.

ಒಂದು, ಈ ಪುಸ್ತಕ ಇಸವಿ, ಸ್ಥಳ, ಆಧಾರ ಕೊಡುತ್ತದೆಯೇ? ಶಾಸನ, ನಾಣ್ಯ, ಪತ್ರ, ಪ್ರವಾಸಿಯ ಬರಹ ಯಾವುದರಿಂದ ಗೊತ್ತಾಯಿತೆಂದು ಹೇಳುತ್ತದೆಯೇ?

ಎರಡು, ‘ನಮ್ಮ’ ಅರಸನ ತಪ್ಪನ್ನೂ ‘ಅವರ’ ಅರಸನ ಒಳ್ಳೆಯತನವನ್ನೂ ಹೇಳುತ್ತದೆಯೇ? ಸೂರಾ ನಿಸಾದ 135ನೇ ವಚನ ಸ್ವಂತಕ್ಕೆ ವಿರುದ್ಧವಾದರೂ ನ್ಯಾಯದ ಸಾಕ್ಷಿಯಾಗಲು ಹೇಳುತ್ತದೆ. ಸೂರಾ ಮಾಇದಾದ 8ನೇ ವಚನ ಯಾರ ಮೇಲಿನ ದ್ವೇಷವೂ ನಮ್ಮನ್ನು ಅನ್ಯಾಯಕ್ಕೆ ಒಯ್ಯಬಾರದು ಎನ್ನುತ್ತದೆ. ಈ ಎರಡು ವಚನಗಳಿಗೆ ನಿಲ್ಲದ ಪುಸ್ತಕವನ್ನು, ಅದರ ಮುಖಪುಟದಲ್ಲಿ ಏನೇ ಬರೆದಿದ್ದರೂ, ಪಠ್ಯವಾಗಿ ಇಡಬೇಡಿ.

ಮೂರು, ಸಂಖ್ಯೆಗಳು ನಂಬುವಂತಿವೆಯೇ? 1377ರಲ್ಲಿ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್, ಮೂಸಾ(ಅ)ರ ಕಾಲದ ಇಸ್ರಾಈಲರ ಸೈನ್ಯ 6 ಲಕ್ಷವಿತ್ತೆಂಬ ಮಾತನ್ನು ಒಪ್ಪಲಿಲ್ಲ. ಅಷ್ಟು ಜನರನ್ನು ಆ ನೆಲ ಸಾಕುತ್ತಿತ್ತೇ, ಅಷ್ಟು ಉದ್ದದ ಸೇನೆಯ ಒಂದು ತುದಿಗೆ ಇನ್ನೊಂದು ತುದಿಯ ಸುದ್ದಿ ತಿಳಿಯುತ್ತಿತ್ತೇ ಎಂದು ಲೆಕ್ಕ ಹಾಕಿದರು. ನಮ್ಮ ಮಕ್ಕಳು ವಾಟ್ಸಾಪ್ ಇತಿಹಾಸ ಓದುವಾಗ ಈ ಲೆಕ್ಕ ನೆನಪಾಗಬೇಕು.

ನಾಲ್ಕು, ರಾಜರಲ್ಲದೆ ಬೇರೆ ಯಾರಾದರೂ ಅದರಲ್ಲಿದ್ದಾರೆಯೇ? ರೈತ, ನೇಕಾರ, ವೈದ್ಯ, ಉಸ್ತಾದ್, ಮಹಿಳೆ?

ವಾರದ ಕ್ರಮ ಮತ್ತು ಪರೀಕ್ಷೆ

ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಮೊದಲ ದಿನ ತಾಯಿ ಅಥವಾ ತಂದೆ ಜೋರಾಗಿ ಓದಿ ಹೇಳಲಿ, ಮೂವರೂ ಕೇಳಲಿ. ಎರಡನೇ ದಿನ ನಕ್ಷೆ, ಕಾಲರೇಖೆ, ಬರವಣಿಗೆ, ಅವರವರ ವಯಸ್ಸಿಗೆ ತಕ್ಕಂತೆ. ಮೂರನೇ ದಿನ ದೊಡ್ಡವನು ತಾನು ಓದಿದ್ದನ್ನು ತಂಗಿ ತಮ್ಮಂದಿರಿಗೆ ಹೇಳಲಿ. ಹೇಳುವವನೇ ಹೆಚ್ಚು ಕಲಿಯುತ್ತಾನೆ.

ಬೆನ್ನೆಲುಬಾಗಿ ರಾಜ್ಯದ ಸಮಾಜ ವಿಜ್ಞಾನ ಪುಸ್ತಕಗಳನ್ನೇ ಇಟ್ಟುಕೊಳ್ಳಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಭಾಷೆ ಕನ್ನಡ, ಮುಂದಿನ ಪರೀಕ್ಷೆಗೂ ಹೊಂದುತ್ತದೆ. ಅದರ ಜೊತೆ ಸೀರತ್ ಮತ್ತು ಇಸ್ಲಾಮೀ ಇತಿಹಾಸದ ಒಂದೊಂದು ಒಳ್ಳೆಯ ಪುಸ್ತಕ ಇದ್ದರೆ ಸಾಕು. ಉಳಿದದ್ದು ಊರಿನ ಗ್ರಂಥಾಲಯದಲ್ಲಿ ಸಿಗುತ್ತದೆ.

ದೊಡ್ಡ ಮಗುವಿನ ಪರೀಕ್ಷೆಯನ್ನು ಮರೆಯಬೇಡಿ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಚಿಕ್ಕವರಿಗೆ 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. 10ನೇ ತರಗತಿಗೆ ಸಮನಾದ ಹಂತಕ್ಕೆ ಕನಿಷ್ಠ 14 ವರ್ಷ ಆಗಿರಬೇಕು. ಅಲ್ಲಿ ಇತಿಹಾಸ ಸಮಾಜ ವಿಜ್ಞಾನದೊಳಗೇ ಬರುತ್ತದೆ. ಪಠ್ಯದ ಪಟ್ಟಿಯನ್ನು ಮೊದಲೇ ತಂದು ನಿಮ್ಮ ನಾಲ್ಕು ವರ್ಷದ ಸುತ್ತಿನ ಪಕ್ಕದಲ್ಲಿ ಇಡಿ. ಪರೀಕ್ಷೆಯ ಹಿಂದಿನ ಆರು ತಿಂಗಳು ದೊಡ್ಡವನಿಗೆ ಪ್ರತ್ಯೇಕ ಸಮಯ ಕೊಡಿ. ಮಾಧ್ಯಮ ಮತ್ತು ನೋಂದಣಿಯ ದಿನಾಂಕಗಳನ್ನು ಹತ್ತಿರದ ಅಧ್ಯಯನ ಕೇಂದ್ರದಲ್ಲೇ ವಿಚಾರಿಸಿ.

ಮತ್ತೆ ಆ ಪಾಠ

ಮಗನಿಗೆ ಟಿಪ್ಪುವಿನ ಪಾಠವನ್ನು ನಾನು ಮತ್ತೆ ಮಾಡಿದೆ. ಈ ಸಲ ಪುಸ್ತಕದ ಬದಲು ನೋಟ್‌ಬುಕ್. ಒಂದು ಹಾಳೆಯಲ್ಲಿ 1784ರ ಸೆರೆಯನ್ನು ಬರೆದ. ಕೊಡಗಿನ ದಂಡಯಾತ್ರೆಗಳನ್ನು ಬರೆದ. ಇನ್ನೊಂದು ಹಾಳೆಯಲ್ಲಿ 1791ರಲ್ಲಿ ಮರಾಠಾ ಸೈನ್ಯದ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಬರೆದ ಪತ್ರಗಳನ್ನು, ಶಾರದೆಯ ಪುನಃಪ್ರತಿಷ್ಠೆಗೆ ಕಳಿಸಿದ ನೆರವನ್ನು ಬರೆದ. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಎಂಬುದನ್ನೂ ಬರೆದ. ಬ್ರಿಟಿಷರ ವಿರುದ್ಧ 1799ರ ಮೇ 4ರಂದು ಕೋಟೆಯಲ್ಲೇ ಹೋರಾಡುತ್ತಾ ಮಡಿದದ್ದನ್ನು ಬರೆದ.

ಕೊನೆಗೆ ಅವನು, “ಹಾಗಾದರೆ ಉಪ್ಪ, ಅವರು ಒಳ್ಳೆಯವರಾ ಕೆಟ್ಟವರಾ?” ಎಂದು ಕೇಳಿದ. ಸೂರಾ ಬಕರಾದ 134ನೇ ವಚನದ ಸಾರವನ್ನು ಹೇಳಿದೆ. ಗತಿಸಿದ ಜನರು ಗಳಿಸಿದ್ದು ಅವರಿಗೆ, ನೀವು ಗಳಿಸಿದ್ದು ನಿಮಗೆ, ಅವರ ಕೆಲಸಗಳ ಬಗ್ಗೆ ನಿಮ್ಮನ್ನು ಕೇಳಲಾಗುವುದಿಲ್ಲ. ಅವರ ಲೆಕ್ಕ ಅಲ್ಲಾಹನ ಬಳಿ ಇದೆ. ಅವರ ಕಿರೀಟವನ್ನೂ ನಾವು ಹೊರಬೇಕಿಲ್ಲ, ಅವರ ತಪ್ಪನ್ನೂ ಹೊರಬೇಕಿಲ್ಲ. ಆದರೆ ಅವರ ಬಗ್ಗೆ ನಾವು ಹೇಳುವ ಮಾತಿನ ಲೆಕ್ಕ ನಮ್ಮದು. ಅದರಲ್ಲಿ ಸುಳ್ಳು ಬೆರೆಸಿದರೆ ಕೇಳಲಾಗುವುದು ನಮ್ಮನ್ನೇ.

ಆ ನೋಟ್‌ಬುಕ್ಕನ್ನು ಅವನು ನೆರೆಮನೆಯ ಹುಡುಗನಿಗೆ ತೋರಿಸಿದ. ಅವರ ಅಜ್ಜಿ ಹೇಳಿದ ಎರಡು ಸಾಲನ್ನು ಆ ಹುಡುಗ ಅದರಲ್ಲಿ ತನ್ನ ಕೈಯಿಂದ ಬರೆದುಕೊಟ್ಟ. ಸಂಜೆ ಮತ್ತೆ ಕ್ರಿಕೆಟ್ ಶುರುವಾಯಿತು.

ನಮ್ಮ ಮಕ್ಕಳನ್ನು ಸತ್ಯಕ್ಕೆ ಹೆದರದವರನ್ನಾಗಿ, ನ್ಯಾಯಕ್ಕೆ ಸಾಕ್ಷಿಯಾಗುವವರನ್ನಾಗಿ, ನೆರೆಯವರ ನೋವನ್ನು ಕೇಳುವ ಕಿವಿಯುಳ್ಳವರನ್ನಾಗಿ ಅಲ್ಲಾಹನು ಬೆಳೆಸಲಿ. ಮನೆಯಲ್ಲಿ ಕೂತು ಕಲಿಸುವ ತಾಯಂದಿರ ಶ್ರಮವನ್ನು ಅವನು ಸ್ವೀಕರಿಸಲಿ. ಆಮೀನ್.